ಬಳ್ಳಾರಿ ಜಾಲಿಯ ಇದ್ದಿಲು: ನೆಲ ತಿನ್ನುವ ಬೆಂಕಿ, ನೆಲ ಉಳಿಸುವ ಬೆಂಕಿ

ಗುಜರಾತಿನ ಕಛ್ ಜಿಲ್ಲೆಯ ಬನ್ನಿ ಹುಲ್ಲುಗಾವಲಿನಲ್ಲಿ ಎಮ್ಮೆಗಳು ಮೇಯುವುದು ರಾತ್ರಿ. ಸಂಜೆ ಊರು ಬಿಟ್ಟು ಹೊರಡುವ ಹಿಂಡು ಕತ್ತಲಲ್ಲೇ ಬಯಲೆಲ್ಲ ಸುತ್ತಿ, ಬೆಳಗ್ಗೆ ಹಾಲು ಕರೆಯುವ ಹೊತ್ತಿಗೆ ತಾನಾಗಿ ಮನೆಯಂಗಳಕ್ಕೆ ಬಂದು ನಿಲ್ಲುತ್ತದೆ. ಹಗಲಿನ ಸುಡುಬಿಸಿಲು, ಉಪ್ಪು ನೆಲ, ವರ್ಷಕ್ಕೆ 300 ಮಿಲಿಮೀಟರ್ ಆಸುಪಾಸಿನ ನೆಚ್ಚಿಕೆಯಿಲ್ಲದ ಮಳೆ. ಇವೆಲ್ಲವನ್ನು ತಾಳಿಕೊಂಡು ಹಾಲು ಕೊಡುವ ಈ ತಳಿಯನ್ನು ಅಲ್ಲಿನ ಮಾಲ್ಧಾರಿ ಪಶುಪಾಲಕರು ತಲೆತಲಾಂತರದಿಂದ ಸಾಕಿ ಬೆಳೆಸಿದ್ದಾರೆ. 2010ರಲ್ಲಿ ಬನ್ನಿ ಎಮ್ಮೆಗೆ ದೇಶದ ಅಧಿಕೃತ ತಳಿಗಳ ಪಟ್ಟಿಯಲ್ಲಿ ಜಾಗ ಸಿಕ್ಕಿತು. ಆದರೆ ಅದು ಮೇಯುತ್ತಿದ್ದ ಹುಲ್ಲುಗಾವಲಿನ ಬಹುಪಾಲು ಅಷ್ಟರಲ್ಲಾಗಲೇ ಮುಳ್ಳುಕಾಡಾಗಿತ್ತು.

ಆ ಮುಳ್ಳಿನ ಗಿಡ ಕನ್ನಡಿಗರಿಗೆ ಹೊಸದೇನಲ್ಲ. ಕೆರೆಯಂಗಳ, ರಸ್ತೆಬದಿ, ಹಳ್ಳದ ದಂಡೆ, ಬೀಳು ಬಿದ್ದ ಹೊಲ, ಎಲ್ಲೆಂದರಲ್ಲಿ ಬೆಳೆದು ನಿಂತಿರುವ ಬಳ್ಳಾರಿ ಜಾಲಿಯೇ ಅದು. ಸಸ್ಯಶಾಸ್ತ್ರಜ್ಞರು ಪ್ರೊಸೋಪಿಸ್ ಜೂಲಿಫ್ಲೋರಾ ಎನ್ನುತ್ತಾರೆ, ತಮಿಳರು ಸೀಮೈ ಕರುವೇಲಂ ಎನ್ನುತ್ತಾರೆ, ಕಛ್‌ನವರು ಗಾಂಡೋ ಬಾವಳ, ಅಂದರೆ ಹುಚ್ಚು ಜಾಲಿ ಎಂದು ಕರೆಯುತ್ತಾರೆ. ದಸರೆಯಲ್ಲಿ ನಾವು ಪೂಜಿಸುವ ಬನ್ನಿ ಮರ ಇದರ ಹತ್ತಿರದ ಬಂಧು. ಬನ್ನಿ ಮರದ ನೆರಳಲ್ಲಿ ರಾಜಸ್ಥಾನದ ರೈತರು ಸಜ್ಜೆ ಬೆಳೆಯುತ್ತಾರೆ. ಬಳ್ಳಾರಿ ಜಾಲಿಯ ಕೆಳಗೆ ಹುಲ್ಲು ಬೆಳೆಯುವುದೂ ಕಷ್ಟ.

ಈಗ ಈ ಗಿಡವನ್ನೇ ಕಡಿದು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಬಡವರಿಗೆ ಕೂಲಿ, ನೆಲಕ್ಕೆ ಹುಲ್ಲು, ಮಣ್ಣಿಗೆ ಇಂಗಾಲ ಮೂರನ್ನೂ ದೊರಕಿಸಬಹುದೆಂಬ ಮಾತು ಜಗತ್ತಿನ ಹಲವೆಡೆ ಕೇಳಿಬರುತ್ತಿದೆ. ಮಾತು ಆಕರ್ಷಕವಾಗಿದೆ, ಸುಳ್ಳೂ ಅಲ್ಲ. ಆದರೆ ಇದ್ದಿಲಿನ ಬೆಂಕಿ ನೆಲವನ್ನು ಉಳಿಸಿದ ಕಡೆಗಳಿಗಿಂತ ತಿಂದುಹಾಕಿದ ಕಡೆಗಳೇ ಹೆಚ್ಚು. ಯಾವಾಗ ಉಳಿಸುತ್ತದೆ, ಯಾವಾಗ ತಿನ್ನುತ್ತದೆ ಎಂಬುದನ್ನು ಬನ್ನಿಯಷ್ಟು ಸ್ಪಷ್ಟವಾಗಿ ಹೇಳಬಲ್ಲ ಜಾಗ ಇನ್ನೊಂದಿಲ್ಲ.

ಬಳ್ಳಾರಿ ಜಾಲಿ ಅಮೆರಿಕ ಖಂಡದ ಗಿಡ. ಮೆಕ್ಸಿಕೊ, ಕೆರಿಬಿಯನ್ ದ್ವೀಪಗಳು, ದಕ್ಷಿಣ ಅಮೆರಿಕದ ಉತ್ತರ ಭಾಗ ಇದರ ತವರು. ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಇದರ ಬೀಜಕ್ಕಾಗಿ ಸರ್ಕಾರಕ್ಕೆ ಬರೆದರು. ಮರುವರ್ಷ ಜಮೈಕಾದಿಂದ ಬಂದ ಬೀಜ ಕಡಪ ಜಿಲ್ಲೆಯ ಕಮಲಾಪುರಂ ಬಳಿ ಮೊಳೆಯಿತು. ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡ ಮಹಾ ಬರದ ವರ್ಷಗಳವು. ಬಳ್ಳಾರಿಯೂ ಆಗ ಮದ್ರಾಸ್ ಪ್ರಾಂತ್ಯದಲ್ಲೇ ಇತ್ತು. ಬೋಳು ನೆಲಕ್ಕೆ ಹಸಿರು, ಬಡವರ ಒಲೆಗೆ ಸೌದೆ, ದನಕ್ಕೆ ಕಾಯಿ, ಇಷ್ಟೆಲ್ಲ ಕೊಡುವ ಗಿಡ ಎಂದೇ ಇದನ್ನು ತಂದದ್ದು. ಆ ಮಾತನ್ನು ಗಿಡ ಉಳಿಸಿಕೊಂಡಿದೆ ಕೂಡ. ಇಂದಿಗೂ ಬಯಲುಸೀಮೆಯ ಎಷ್ಟೋ ಒಲೆಗಳು ಉರಿಯುವುದು ಇದರ ಸೌದೆಯಿಂದ. ಜಾಲಿಯನ್ನು ಬರಿದೇ ಶಪಿಸುವವರು ಇದನ್ನು ಮರೆಯಬಾರದು.

ಬನ್ನಿಗೆ ಜಾಲಿ ಬಂದದ್ದು ತಡವಾಗಿ. ಉಪ್ಪಿನ ರಣ್ ಹುಲ್ಲುಗಾವಲಿನತ್ತ ಒತ್ತಿ ಬರುವುದನ್ನು ತಡೆಯಲೆಂದು 1960ರ ದಶಕದ ಆರಂಭದಲ್ಲಿ ಅರಣ್ಯ ಇಲಾಖೆಯೇ ಮೂವತ್ತು ಸಾವಿರಕ್ಕೂ ಹೆಚ್ಚು ಹೆಕ್ಟೇರಿನಲ್ಲಿ ಇದನ್ನು ಬೆಳೆಸಿತು. ಅಲ್ಲಿಂದ ಮುಂದೆ ಗಿಡಕ್ಕೆ ಯಾರ ನೆರವೂ ಬೇಕಾಗಲಿಲ್ಲ. ಸಿಹಿ ಕಾಯಿ ತಿಂದ ಜಾನುವಾರುಗಳು ಸಗಣಿಯಲ್ಲಿ ಬೀಜ ಹರಡಿದವು. ಸಗಣಿಯಲ್ಲಿ ಬಿದ್ದ ಬೀಜಕ್ಕೆ ಗೊಬ್ಬರವೂ ಸಿಕ್ಕಿತು, ತೇವವೂ ಸಿಕ್ಕಿತು. ಅಲ್ಲಿನ ಕಾಂಕ್ರೇಜ್ ತಳಿಯ ಹಸುಗಳಿಗೆ ಕಾಯಿ ಒಗ್ಗಲಿಲ್ಲ, ಹೊಟ್ಟೆ ಕೆಟ್ಟು ಸಾಯತೊಡಗಿದವು. ಎಮ್ಮೆಗಳು ಹೇಗೋ ತಡೆದುಕೊಂಡವು. ಹಸುಗಳ ನಾಡಾಗಿದ್ದ ಬನ್ನಿ ಹಾಗೆ ಮೆಲ್ಲಗೆ ಎಮ್ಮೆಗಳ ನಾಡಾಯಿತು. ಸುಮಾರು 2,500 ಚದರ ಕಿಲೋಮೀಟರಿನ ಈ ಬಯಲು ಒಂದು ಕಾಲದಲ್ಲಿ ಏಷ್ಯಾದ ಒಳ್ಳೆಯ ಹುಲ್ಲುಗಾವಲುಗಳಲ್ಲಿ ಒಂದೆನಿಸಿತ್ತು. ಈಗ ಅದರ ಅರ್ಧಕ್ಕೂ ಹೆಚ್ಚು ಭಾಗದಲ್ಲಿ ಜಾಲಿಯದೇ ದರ್ಬಾರು.

ಇಷ್ಟು ಸೌದೆ ಇದ್ದ ಮೇಲೆ ಇದ್ದಿಲು ಸುಡುವವರು ಬಾರದೆ ಇರುತ್ತಾರೆಯೇ?

ಇದ್ದಿಲಿನ ಗೂಡು ನೋಡಲು ಬರಿಯ ಮಣ್ಣಿನ ದಿಬ್ಬ. ಅದರ ಒಳಗಿನ ಕಸುಬು ಮಾತ್ರ ಸೂಕ್ಷ್ಮವಾದದ್ದು. ಮುಳ್ಳು ಸವರಿದ ಜಾಲಿ ತುಂಡುಗಳನ್ನು ಕೆಲವು ದಿನ ಒಣಗಿಸಿ, ದಪ್ಪನೆಯವನ್ನು ನಡುವೆ, ಸಣ್ಣವನ್ನು ಸುತ್ತ ಒತ್ತೊತ್ತಾಗಿ ಜೋಡಿಸುತ್ತಾರೆ. ಮೇಲೆ ಹುಲ್ಲು, ಸೊಪ್ಪು. ಅದರ ಮೇಲೆ ಹಸಿ ಮಣ್ಣಿನ ಹೊದಿಕೆ. ಬುಡದಲ್ಲಿ ಒಂದಷ್ಟು ಗಾಳಿಕಿಂಡಿ ಬಿಟ್ಟು ಬೆಂಕಿ ಕೊಟ್ಟರೆ ಮೊದಲು ದಟ್ಟ ಬಿಳಿ ಹೊಗೆ ಏಳುತ್ತದೆ, ಅದು ಮರದೊಳಗಿನ ನೀರು. ಆಮೇಲೆ ಹೊಗೆ ಹಳದಿಗೆ ತಿರುಗುತ್ತದೆ, ಕಣ್ಣು ಉರಿಯುತ್ತದೆ, ಮೂಗಿಗೆ ಹುಳಿ ವಾಸನೆ ಹೊಡೆಯುತ್ತದೆ. ಮರದ ಎಣ್ಣೆ, ಆಮ್ಲ, ಡಾಂಬರು ಎಲ್ಲ ಹೊರಬೀಳುವ ಹೊತ್ತು ಅದು. ಕೊನೆಗೆ ಹೊಗೆ ತೆಳ್ಳಗಾಗಿ ನೀಲಿಗೆ ಬಂತೆಂದರೆ ಕಿಂಡಿ ಮುಚ್ಚಲೇಬೇಕು, ಇಲ್ಲವಾದರೆ ಇದ್ದಿಲೇ ಉರಿಯತೊಡಗುತ್ತದೆ. ಈ ದಿನಗಳಲ್ಲಿ ಗೂಡಿನ ಬಳಿ ಹಗಲಿರುಳೂ ಒಬ್ಬರು ಇರಬೇಕು. ಸೌದೆ ಬೆಂದಂತೆಲ್ಲ ದಿಬ್ಬ ಕುಸಿಯುತ್ತದೆ, ಮಣ್ಣು ಬಿರುಕು ಬಿಡುತ್ತದೆ. ಒಂದು ಬಿರುಕನ್ನು ಗಮನಿಸದೆ ಬಿಟ್ಟರೂ ಗಾಳಿ ನುಗ್ಗಿ ಇಡೀ ವಾರದ ದುಡಿಮೆ ರಾತ್ರೋರಾತ್ರಿ ಬೂದಿ.

ಇಷ್ಟೆಲ್ಲ ಕಣ್ಣಿಟ್ಟು ಕಾದರೂ ಮಣ್ಣಿನ ಗೂಡಿನಲ್ಲಿ ಕೈಗೆ ಹತ್ತುವುದು ಹಾಕಿದ ಸೌದೆಯ ತೂಕದ ಶೇಕಡಾ 10ರಿಂದ 20 ಮಾತ್ರ. ಹೊಗೆಯನ್ನು ಹೊರಬಿಡದೆ ಅದನ್ನೇ ಮತ್ತೆ ಉರಿಸಿ ಶಾಖ ಪಡೆಯುವ ಸುಧಾರಿತ ಕುಲುಮೆಗಳಲ್ಲಿ ಇದು ಶೇಕಡಾ 30ರ ಹತ್ತಿರ ಹೋಗುತ್ತದೆ. ಅಂದರೆ ಗೂಡು ಬದಲಾದರೆ ಅಷ್ಟೇ ಇದ್ದಿಲಿಗೆ ಅರ್ಧದಷ್ಟೇ ಮರ ಸಾಕು. ಜೊತೆಗೆ ಮೀಥೇನ್, ಕಾರ್ಬನ್ ಮಾನಾಕ್ಸೈಡ್‌ಗಳು ಕೂಲಿಯವರ ಪುಪ್ಪುಸ ಸೇರುವುದೂ, ಆಕಾಶ ಸೇರುವುದೂ ಕಡಿಮೆಯಾಗುತ್ತದೆ. ಜಗತ್ತಿನ ಕಾಡುಗಳಿಂದ ತೆಗೆಯುವ ಮರದಲ್ಲಿ ಅರ್ಧದಷ್ಟು ಇಂದಿಗೂ ಉರುವಲಾಗಿಯೇ ಹೋಗುತ್ತದೆ, ಅದರಲ್ಲಿ ಸುಮಾರು ಶೇಕಡಾ 17 ಇದ್ದಿಲಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2017ರಲ್ಲಿ ಲೆಕ್ಕ ಕೊಟ್ಟಿತ್ತು. ಗೂಡಿನ ಸುಧಾರಣೆ ಸಣ್ಣ ವಿಷಯವಲ್ಲ.

ಇದ್ದಿಲಿನ ಹಸಿವು ಎಂಥದೆಂದು ಕರ್ನಾಟಕಕ್ಕೂ ಗೊತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1918ರಲ್ಲಿ ರೂಪುಗೊಂಡಾಗ ಅದರ ಹೆಸರಿನಲ್ಲೇ ಮರವಿತ್ತು: ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್. ಕಲ್ಲಿದ್ದಲು ಸಿಗುತ್ತಿದ್ದುದು ದೂರದ ಬಿಹಾರ, ಬಂಗಾಳಗಳಲ್ಲಿ. ಅದಿರು ಕೆಮ್ಮಣ್ಣುಗುಂಡಿಯಲ್ಲೇ ಇತ್ತು, ಸುತ್ತ ಮಲೆನಾಡಿನ ಕಾಡಿತ್ತು. 1923ರಲ್ಲಿ ಕುಲುಮೆ ಹೊತ್ತಿದಾಗ ಅದಿರನ್ನು ಕರಗಿಸಿದ್ದು ಆ ಕಾಡಿನ ಮರದ ಇದ್ದಿಲು. ಸೌದೆ ಬಟ್ಟಿ ಇಳಿಸುವಾಗ ಬರುತ್ತಿದ್ದ ರಾಸಾಯನಿಕಗಳನ್ನೂ ಪೋಲು ಮಾಡದ ಆ ಘಟಕ ಅಂದಿನ ಕಾಲಕ್ಕೆ ಅಚ್ಚರಿಯ ಎಂಜಿನಿಯರಿಂಗ್. ಆದರೆ ದಶಕಗಳ ಕಾಲ ಹಗಲಿರುಳು ಉರಿದ ಕುಲುಮೆಗೆ ಶಿವಮೊಗ್ಗ, ಚಿಕ್ಕಮಗಳೂರಿನ ಕಾಡು ತೆತ್ತ ಬೆಲೆ ದೊಡ್ಡದು. ಎಷ್ಟೇ ಚೆನ್ನಾಗಿ ಇದ್ದಿಲು ಮಾಡಿದರೂ ಕಡಿಯುವುದು ನೂರಾರು ವರ್ಷದ ಕಾಡನ್ನಾದರೆ ಅದು ನೆಲಕ್ಕೆ ನಷ್ಟವೇ.

ಬನ್ನಿಯಲ್ಲಿ ಹಾಗಲ್ಲವಲ್ಲ, ಅಲ್ಲಿ ಕಡಿಯುವುದು ಕಳೆಯನ್ನೇ ತಾನೆ? ಗುಜರಾತ್ ಸರ್ಕಾರವೂ ಹಾಗೆಯೇ ಯೋಚಿಸಿತು. ಇದ್ದಿಲು ಸುಡುವುದರ ಮೇಲಿದ್ದ ನಿಷೇಧವನ್ನು 2004ರಲ್ಲಿ ತೆಗೆಯಿತು. ಲಾರಿಗಟ್ಟಲೆ ಇದ್ದಿಲು ಹೊರಟಿತು, ಬಡ ಕುಟುಂಬಗಳ ಕೈಗೆ ನಗದು ಬಂತು, ಅಲ್ಲಲ್ಲಿ ಜಾಲಿ ತೆಳುವಾಗಿ ಹುಲ್ಲು ಕಂಡದ್ದೂ ನಿಜ. ಆದರೆ ಇದ್ದಿಲು ವ್ಯಾಪಾರಿಗೆ ಬೇಕಾದದ್ದು ಸೌದೆ, ಹುಲ್ಲಲ್ಲ. ಜಾಲಿಯ ಮರೆಯಲ್ಲಿ ನಾಟಿ ಮರಗಳಿಗೂ ಕೊಡಲಿ ಬಿತ್ತು. ದೂರುಗಳು ಹೆಚ್ಚಿ 2008ರಲ್ಲಿ ನಿಷೇಧ ಮರಳಿ ಬಂತು.

ಈ ನಾಲ್ಕು ವರ್ಷಗಳು ಕಲಿಸಿದ ಮುಖ್ಯ ಪಾಠ ಜಾಲಿಯ ಬುಡದಲ್ಲಿದೆ. ಬಳ್ಳಾರಿ ಜಾಲಿಯನ್ನು ನೆಲಮಟ್ಟಕ್ಕೆ ಕಡಿದರೆ ಅದು ಸಾಯುವುದಿಲ್ಲ. ಮಣ್ಣಿನೊಳಗೆ, ಕಾಂಡ ಬೇರಿಗೆ ಸೇರುವ ಗಂಟಿನಲ್ಲಿ ಮೊಗ್ಗುಗಳು ಕಾದಿರುತ್ತವೆ. ಮೊದಲು ಒಂದು ಕಾಂಡವಿದ್ದಲ್ಲಿ ಮರುವರ್ಷ ಏಳೆಂಟು ಚಿಗುರುತ್ತವೆ, ಮರ ಹೋಗಿ ಪೊದೆಯಾಗುತ್ತದೆ. ನೆಲಕ್ಕೆ ಮೊದಲಿಗಿಂತ ಹೆಚ್ಚಿನ ನೆರಳು, ಹುಲ್ಲಿಗೆ ಮೊದಲಿಗಿಂತ ಕಡಿಮೆ ಜಾಗ. ಅದನ್ನು ಕೊಲ್ಲಬೇಕಾದರೆ ನೆಲವನ್ನು ಗೇಣಿಗಿಂತ ಆಳಕ್ಕೆ ಅಗೆದು ಆ ಗಂಟಿನ ಕೆಳಗೆ ಬೇರು ಕತ್ತರಿಸಬೇಕು. ಬೆನ್ನು ಮುರಿಯುವ ಕೆಲಸ ಅದು. ಇದ್ದಿಲು ಸುಡುವವನು ಅದನ್ನೇಕೆ ಮಾಡಿಯಾನು? ಬುಡ ಉಳಿದರೆ ಮೂರ್ನಾಲ್ಕು ವರ್ಷಕ್ಕೆ ಮತ್ತೆ ಸೌದೆ ಸಿಗುತ್ತದೆ. ಬೇರು ಕಿತ್ತರೆ ಅವನ ಅನ್ನಕ್ಕೇ ಕಲ್ಲು. ಕಳೆಗೆ ಬೆಲೆ ಬಂದ ದಿನವೇ ಅದು ಕಳೆಯಾಗಿ ಉಳಿಯುವುದಿಲ್ಲ, ಬೆಳೆಯಾಗುತ್ತದೆ. ಜಾಲಿಯನ್ನು ಇದ್ದಿಲಾಗಿಸಿ ನೆಲ ಉಳಿಸುತ್ತೇವೆ ಎನ್ನುವ ಪ್ರತಿಯೊಂದು ಯೋಜನೆಯೂ ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು.

ಉತ್ತರದ ಒಂದು ಭಾಗ ಬನ್ನಿಯ ಎಮ್ಮೆಗಳಲ್ಲೇ ಇದೆ. ಕಳೆದ ಎರಡು ದಶಕಗಳಲ್ಲಿ ಆ ಕಡೆ ಡೇರಿಗಳು ಬಂದವು, ಹಾಲಿಗೆ ಒಳ್ಳೆಯ ಬೆಲೆ ಬಂತು. ಹಾಲಿಗೆ ಬೆಲೆಯಿದ್ದಲ್ಲಿ ಹುಲ್ಲಿಗೂ ಬೆಲೆ. ಬೇರುಸಮೇತ ಜಾಲಿ ತೆಗೆದು ಹುಲ್ಲು ಉಳಿಸಿಕೊಳ್ಳಲು ಈಗ ಹಳ್ಳಿಗಳಿಗೆ ಕಾರಣವಿದೆ. ಬೇಕಾದದ್ದು ಹಕ್ಕು. 1955ರಿಂದ ಬನ್ನಿ ಕಾಗದದ ಮೇಲೆ ರಕ್ಷಿತ ಅರಣ್ಯ. ಅರಣ್ಯ ಹಕ್ಕು ಕಾಯ್ದೆಯಡಿ ಮಾಲ್ಧಾರಿಗಳು ಸಾಮುದಾಯಿಕ ಹಕ್ಕು ಕೇಳುತ್ತಲೇ ಬಂದಿದ್ದಾರೆ. ಹುಲ್ಲುಗಾವಲಿಗೆ ಬೇಲಿ ಹಾಕಿಕೊಂಡವರ ವಿರುದ್ಧ ಅವರ ಸಂಘಟನೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಯಿತು. 2021ರ ಮೇ ತಿಂಗಳಲ್ಲಿ ನ್ಯಾಯಮಂಡಳಿ ಆರು ತಿಂಗಳಲ್ಲಿ ಒತ್ತುವರಿ ತೆರವು ಮಾಡಬೇಕೆಂದು ಆದೇಶಿಸಿ, ಆ ನೆಲವನ್ನು ಕಾಪಾಡುವ ಹಕ್ಕು ಮಾಲ್ಧಾರಿಗಳಿಗೇ ಇದೆ ಎಂದಿತು. ನಾಳೆಯೂ ಈ ನೆಲ ನಮ್ಮದೇ ಎಂಬ ಭರವಸೆ ಇದ್ದವರು ಮಾತ್ರ ಬೇರು ಅಗೆಯುತ್ತಾರೆ. ಗುತ್ತಿಗೆ ಮುಗಿದೊಡನೆ ಹೊರಟುಹೋಗುವವರು ಕೊಂಬೆ ಕಡಿಯುತ್ತಾರೆ.

ಇದೇ ಪ್ರಶ್ನೆಗೆ ದೊಡ್ಡ ಪ್ರಮಾಣದಲ್ಲಿ ಉತ್ತರ ಹುಡುಕುತ್ತಿರುವ ದೇಶ ನಮೀಬಿಯ. ಅಲ್ಲಿ ಸಮಸ್ಯೆ ಹೊರಗಿನಿಂದ ಬಂದ ಗಿಡದ್ದಲ್ಲ, ಅಲ್ಲಿನದೇ ಮುಳ್ಳುಪೊದೆಗಳದ್ದು. ದನಗಳ ಅತಿಮೇವು ಹುಲ್ಲನ್ನು ಸೋಲಿಸಿತು, ಹುಲ್ಲಿಲ್ಲದೆ ಪೊದೆ ಸುಡುವ ಕಾಳ್ಗಿಚ್ಚು ನಿಂತಿತು, ಚಿಗುರು ತಿನ್ನುವ ಕಾಡುಪ್ರಾಣಿಗಳು ಕಡಿಮೆಯಾದವು. ಬಯಲೆಲ್ಲ ಪೊದೆಯಾಯಿತು. ಸುಮಾರು 4.5 ಕೋಟಿ ಹೆಕ್ಟೇರ್, ದೇಶದ ಅರ್ಧದಷ್ಟು ನೆಲ ಇದಕ್ಕೆ ಸಿಕ್ಕಿದೆ ಎಂಬ ಅಂದಾಜಿದೆ. ರೈತರು ಪೊದೆ ತೆಳುವಾಗಿಸಿ ಇದ್ದಿಲು ಮಾಡಿ ಯುರೋಪಿಗೆ ಕಳಿಸುತ್ತಾರೆ. ಜರ್ಮನಿ, ಬ್ರಿಟನ್ನುಗಳ ಹಿತ್ತಿಲಲ್ಲಿ ಮಾಂಸ ಸುಡುವ ಬೇಸಿಗೆಯ ಕೂಟಗಳಿಗೆ ಹೋಗುವುದು ಇದೇ ಮುಳ್ಳುಪೊದೆಯ ಇದ್ದಿಲು, ವರ್ಷಕ್ಕೆ ಲಕ್ಷಾಂತರ ಟನ್. ಕಡಿಯಲು ಪರವಾನಗಿ ಬೇಕು, ದಪ್ಪ ಮರ ಮುಟ್ಟುವಂತಿಲ್ಲ. ಸಾಕಷ್ಟು ತೋಟಗಳಿಗೆ ಎಫ್‌ಎಸ್‌ಸಿ ಎಂಬ ಅಂತರರಾಷ್ಟ್ರೀಯ ಅರಣ್ಯ ಪ್ರಮಾಣಪತ್ರವೂ ಇದೆ.

ನಮ್ಮ ಕುನೊ ಉದ್ಯಾನಕ್ಕೆ 2022ರ ಸೆಪ್ಟೆಂಬರಿನಲ್ಲಿ ಬಂದಿಳಿದ ಎಂಟು ಚೀತಾಗಳು ಈ ನಮೀಬಿಯದವೇ. ಬಯಲಲ್ಲಿ ಓಡಿ ಬೇಟೆಯಾಡುವ ಚೀತಾಕ್ಕೆ ಮುಳ್ಳುಪೊದೆ ಎಂದರೆ ಕಣ್ಣು ಕಳೆದುಕೊಳ್ಳುವ ಜಾಗ. ಅದಕ್ಕೇ ಓಟ್ಜಿವರೊಂಗೊ ಪಟ್ಟಣದ ಬಳಿಯ ಚೀತಾ ಸಂರಕ್ಷಣಾ ನಿಧಿ ಸಂಸ್ಥೆ ಪೊದೆ ಕಡಿದು ಪುಡಿ ಮಾಡಿ ಒತ್ತಿ ತಯಾರಿಸಿದ ಸೌದೆದಿಮ್ಮಿಯನ್ನು ‘ಬುಶ್‌ಬ್ಲಾಕ್’ ಎಂಬ ಹೆಸರಲ್ಲಿ ಮಾರುತ್ತ ಬಂದಿದೆ. ಅಲ್ಲಿ ಮಾರಾಟದ ಗುರಿ ಬಯಲನ್ನು ಬಯಲಾಗಿ ಉಳಿಸುವುದು, ಸೌದೆ ಅದರ ದಾರಿ. ನಮೀಬಿಯದ ಇದ್ದಿಲು ತೋಟಗಳೆಲ್ಲ ಹೀಗಿಲ್ಲ. ಕಡಿದ ಮೇಲೆ ಮೇಕೆ ಬಿಟ್ಟು ಚಿಗುರು ತಿನ್ನಿಸದ, ಕಾವಲು ಮಾಡದ ಕಡೆ ಪೊದೆ ಮೊದಲಿಗಿಂತ ದಟ್ಟವಾಗಿ ಮರಳಿದೆ. ಟನ್ ಲೆಕ್ಕದ ಕೂಲಿಗೆ ಬಯಲಲ್ಲೇ ಗುಡಾರ ಹಾಕಿ ದುಡಿಯುವವರ ಬದುಕೂ ಸುಖದ್ದೇನಲ್ಲ.

ಕೂಲಿಯ ಮಾತು ಬಂದಾಗ ದೂರದ ದೇಶಕ್ಕೆ ಹೋಗಬೇಕಿಲ್ಲ. 2019ರ ಜುಲೈಯಲ್ಲಿ ತಮಿಳುನಾಡಿನ ಕಾಂಚೀಪುರಂ, ವೆಲ್ಲೂರು ಜಿಲ್ಲೆಗಳಲ್ಲಿ ಮರ ಕಡಿಯುವ ಕೆಲಸದಲ್ಲಿ ಜೀತಕ್ಕಿದ್ದ 42 ಜನರನ್ನು ಅಧಿಕಾರಿಗಳು ಬಿಡಿಸಿದರು. ಅವರು ಇರುಳ ಸಮುದಾಯದವರು, ಸಣ್ಣ ಮುಂಗಡ ಸಾಲಕ್ಕೆ ಸಿಕ್ಕಿ ವರ್ಷಗಟ್ಟಲೆ ದುಡಿದವರು. ನೆಲ ಉಳಿಸುವ ಇದ್ದಿಲು ಎಂಬ ಚೀಟಿ ಅಂಟಿಸಿದ ಚೀಲದೊಳಗೆ ಇಂಥ ದುಡಿಮೆ ಇದ್ದರೆ ಆ ಚೀಟಿಗೆ ಅರ್ಥವಿಲ್ಲ.

ಇದ್ದಿಲನ್ನು ಉರಿಸುವ ಬದಲು ಮಣ್ಣಿಗೇ ಸೇರಿಸುವ ದಾರಿ ಇನ್ನೊಂದಿದೆ. ಇದ್ದಿಲು ಗೂಡು ಬಿಚ್ಚಿ ದಪ್ಪ ತುಂಡುಗಳನ್ನು ಚೀಲಕ್ಕೆ ತುಂಬಿದ ಮೇಲೆ ನೆಲದಲ್ಲಿ ಕರಿಪುಡಿ ಉಳಿಯುತ್ತದೆ. ಮಾರಾಟಕ್ಕೆ ಬಾರದ ಪುಡಿ. ಘಾನಾ ದೇಶದ ಎಜುರಾ ಬಳಿ ಹಳೆಯ ಗೂಡುಗಳ ಜಾಗದ ಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆದು ನೋಡಿದ ಸಂಶೋಧಕರಿಗೆ ಪಕ್ಕದ ನೆಲಕ್ಕಿಂತ ಶೇಕಡಾ 91ರಷ್ಟು ಹೆಚ್ಚು ಕಾಳು ಸಿಕ್ಕಿತೆಂದು 2004ರಲ್ಲಿ ವರದಿಯಾಯಿತು. ಅಮೆಜಾನ್ ಕಾಡಿನಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವಿದೆ. ಮಳೆಯಲ್ಲಿ ಸತ್ವವೆಲ್ಲ ತೊಳೆದುಹೋದ ಅಲ್ಲಿನ ಹಳದಿ ಮಣ್ಣಿನ ನಡುವೆ ಅಲ್ಲಲ್ಲಿ ಕಡುಕಪ್ಪು ಮಣ್ಣಿನ ತುಂಡುಗಳು ಸಿಗುತ್ತವೆ. ಬ್ರೆಜಿಲಿನವರು ಟೆರ್ರಾ ಪ್ರೇಟಾ ಎನ್ನುವ ಈ ಮಣ್ಣು ಪ್ರಕೃತಿಯ ಕೊಡುಗೆಯಲ್ಲ. ಸಾವಿರಾರು ವರ್ಷ ಹಿಂದಿನ ಮೂಲನಿವಾಸಿಗಳು ಒಲೆಯ ಇದ್ದಿಲು, ಮೀನಿನ ಮೂಳೆ, ಮಡಕೆ ಚೂರು, ಮನೆಗಸ ಬೆರೆಸಿ ಕಟ್ಟಿದ್ದು. ಡಚ್ ಮಣ್ಣುವಿಜ್ಞಾನಿ ವಿಮ್ ಸೊಂಬ್ರೂಕ್ 1966ರಲ್ಲಿ ಅಮೆಜಾನಿನ ಮಣ್ಣುಗಳ ಬಗ್ಗೆ ಪುಸ್ತಕ ಬರೆದ ಮೇಲೆ ಜಗತ್ತು ಇದರತ್ತ ತಿರುಗಿ ನೋಡಿತು. ಬಯೋಚಾರ್ ಎಂದು ಈಗ ಕರೆಯುವ ವಸ್ತುವಿನ ಅಧ್ಯಯನ ಬೆಳೆದದ್ದು ಈ ಕಪ್ಪು ಮಣ್ಣಿನಿಂದಲೇ.

ಬಯೋಚಾರ್ ಗೊಬ್ಬರವಲ್ಲ. ಅದರಲ್ಲಿ ಗಿಡಕ್ಕೆ ಬೇಕಾದ ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಅದರ ಗುಣ ಇರುವುದು ಮೈತುಂಬ ಇರುವ ಕಣ್ಣಿಗೆ ಕಾಣದ ರಂಧ್ರಗಳಲ್ಲಿ. ನೀರು, ಪೋಷಕಾಂಶ, ಸೂಕ್ಷ್ಮಜೀವಿಗಳು ಅಲ್ಲಿ ತಂಗುತ್ತವೆ, ಮಳೆಗೆ ಕೊಚ್ಚಿಹೋಗುವುದಿಲ್ಲ. ಇದರಿಂದಲೇ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ಬರಿಯ ಇದ್ದಿಲಪುಡಿಯನ್ನು ಹೊಲಕ್ಕೆ ಚೆಲ್ಲಿದರೆ ಅದು ಮಣ್ಣಿನಲ್ಲಿರುವ ಸಾರಜನಕವನ್ನೇ ಹೀರಿಕೊಂಡು ಮೊದಲ ಬೆಳೆಯನ್ನು ಬಡಕಲಾಗಿಸಬಹುದು. ಮೊದಲು ಅದಕ್ಕೆ ಗಂಜಲ, ಸಗಣಿ ಬಗ್ಗಡ ಅಥವಾ ಕಾಂಪೋಸ್ಟ್ ಉಣ್ಣಿಸಬೇಕು.

ನೇಪಾಳದಲ್ಲಿ ನಡೆದ ಒಂದು ಪ್ರಯೋಗ ಇದನ್ನು ಚೆನ್ನಾಗಿ ತೋರಿಸಿತು. ಅಲ್ಲಿನ ಬೆಟ್ಟಗಳಲ್ಲಿ ಕಾಡನ್ನು ನುಂಗುತ್ತಿರುವ ಯುಪಟೋರಿಯಂ ಕಳೆಯನ್ನು ಸುಟ್ಟು ಬಯೋಚಾರ್ ಮಾಡಿ, ಅಷ್ಟೇ ಅಳತೆಯ ದನದ ಗಂಜಲ ಬೆರೆಸಿ, ಕುಂಬಳದ ಬುಡಕ್ಕೆ ಹೆಕ್ಟೇರಿಗೆ 750 ಕಿಲೋ, ಅಂದರೆ ಎಕರೆಗೆ ಸುಮಾರು 300 ಕಿಲೋ ಲೆಕ್ಕದಲ್ಲಿ ಹಾಕಿದರು. ಎಲ್ಲ ಮಡಿಗಳಿಗೂ ಕಾಂಪೋಸ್ಟ್ ಇತ್ತು. ಗಂಜಲವುಂಡ ಬಯೋಚಾರ್ ಹಾಕಿದಲ್ಲಿ ಹೆಕ್ಟೇರಿಗೆ 82.6 ಟನ್ ಕುಂಬಳ ಬಂತು. ಬರೀ ಗಂಜಲ ಹಾಕಿದಲ್ಲಿಗಿಂತ ಇದು ನಾಲ್ಕು ಪಟ್ಟು, ಬರೀ ಬಯೋಚಾರ್ ಹಾಕಿದಲ್ಲಿಗಿಂತ ಶೇಕಡಾ 85 ಹೆಚ್ಚು. 2015ರಲ್ಲಿ ಪ್ರಕಟವಾದ ಈ ಫಲಿತಾಂಶ ಎಲ್ಲ ಬೆಳೆಗೂ ಎಲ್ಲ ನೆಲಕ್ಕೂ ಬಾರದು. ಆದರೂ ಕಳೆ, ದನ, ಕೈತೋಟ ಮೂರೂ ಇರುವ ಮಲೆನಾಡಿನ ಮನೆಗಳಿಗೆ ಇದು ಕೈಗೆಟುಕುವ ವಿದ್ಯೆ.

ಸುಡುವ ವಿಧಾನವೂ ಸರಳ. ಆಲಿಕೆಯ ಹಾಗೆ ಮೇಲೆ ಅಗಲ, ಕೆಳಗೆ ಕಿರಿದಾದ ಗುಂಡಿ ತೋಡಬೇಕು. ತಳದಲ್ಲಿ ಒಣ ಪುರಳೆಗೆ ಬೆಂಕಿ ಹಚ್ಚಿ, ಕೆಂಡದ ಮೇಲೆ ತೆಳ್ಳನೆಯ ಒಂದು ಪದರ ಕಡ್ಡಿ ಹಾಕಬೇಕು. ಮೇಲೆ ಉರಿಯುವ ಜ್ವಾಲೆಯೇ ಗಾಳಿಯನ್ನೆಲ್ಲ ಹೀರಿಕೊಳ್ಳುವುದರಿಂದ ಕೆಳಗಿನ ಕೆಂಡಕ್ಕೆ ಗಾಳಿ ತಾಕುವುದಿಲ್ಲ, ಬೂದಿಯಾಗುವುದಿಲ್ಲ. ಏಳುವ ಹೊಗೆ ಜ್ವಾಲೆಯಲ್ಲೇ ಉರಿದುಹೋಗುತ್ತದೆ. ಕಡ್ಡಿಯ ಮೈಮೇಲೆ ಬಿಳಿ ಬೂದಿ ಕೂರತೊಡಗಿತೆಂದರೆ ಮುಂದಿನ ಪದರ ಹಾಕುವ ಹೊತ್ತು. ಗುಂಡಿ ತುಂಬಿದ ಮೇಲೆ ನೀರು ಸುರಿದು ನಂದಿಸುವುದು. ಹಸಿ ಸೌದೆ ಹಾಕಿದರೆ ಹೊಗೆ ಮುಸುಕುತ್ತದೆ, ಹಾಗಾಗಿ ಚೆನ್ನಾಗಿ ಒಣಗಿಸುವುದೇ ಅರ್ಧ ಕೆಲಸ. ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯಲ್ಲಿ 2014ರಲ್ಲಿ ಕೊನ್-ಟಿಕಿ ಎಂಬ ಹೆಸರಿನ ಉಕ್ಕಿನ ಕುಲುಮೆಯಾಗಿ ರೂಪುಗೊಂಡ ಇದೇ ತತ್ವ ಹಳ್ಳಿಗೆ ಬಂದಾಗ ಬರೀ ಗುಂಡಿಯಾಯಿತು, ಖರ್ಚು ಗುದ್ದಲಿಯದಷ್ಟೇ. ನಮ್ಮಲ್ಲೇ ಹೈದರಾಬಾದಿನ ಒಣಬೇಸಾಯ ಸಂಶೋಧನಾ ಸಂಸ್ಥೆ, ಕ್ರೀಡಾ, 200 ಲೀಟರಿನ ಹಳೆಯ ಎಣ್ಣೆ ಪೀಪಾಯಿಯಿಂದ ಕುಲುಮೆ ಮಾಡಿ ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಹರಳು ಗಿಡದ ಕಡ್ಡಿಗಳನ್ನು ಬಯೋಚಾರ್ ಮಾಡುವ ವಿಧಾನ ರೂಪಿಸಿದೆ. ಕಲಬುರಗಿ, ರಾಯಚೂರಿನ ಹೊಲಗಳಲ್ಲಿ ಕೊಯ್ಲಿನ ನಂತರ ಸುಮ್ಮನೆ ಸುಟ್ಟು ಬೂದಿಯಾಗುವ ಕಟ್ಟಿಗೆಗೆ ಇದು ತಕ್ಕ ವಿಧಾನ.

ಮಣ್ಣು ಸೇರಿದ ಇದ್ದಿಲು ನೂರಾರು ವರ್ಷ ಕೊಳೆಯುವುದಿಲ್ಲ. ಅದರಲ್ಲಿ ಮುಕ್ಕಾಲು ಪಾಲು ಇಂಗಾಲವಿದೆ ಎಂದುಕೊಂಡರೂ ಒಂದು ಟನ್ ಬಯೋಚಾರ್ ಸುಮಾರು ಎರಡೂಮುಕ್ಕಾಲು ಟನ್ ಕಾರ್ಬನ್ ಡೈಆಕ್ಸೈಡನ್ನು ಆಕಾಶದಿಂದ ದೂರವಿಟ್ಟಂತೆ. ದೊಡ್ಡ ಕಂಪನಿಗಳು ಬಯೋಚಾರಿನತ್ತ ಬಂದಿರುವುದು ಇದಕ್ಕೇ. 2025ರ ಜನವರಿಯಲ್ಲಿ ಗೂಗಲ್ ಭಾರತದ ವರಾಹ ಎಂಬ ನವೋದ್ಯಮದಿಂದ ಒಂದು ಲಕ್ಷ ಟನ್ನಿನಷ್ಟು ಇಂಗಾಲದ ಕ್ರೆಡಿಟ್ ಕೊಳ್ಳಲು ಒಪ್ಪಂದ ಮಾಡಿಕೊಂಡಿತು, ಹೊಲದ ಕಸವನ್ನು ಬಯೋಚಾರ್ ಮಾಡಿದ್ದರ ಲೆಕ್ಕದಲ್ಲಿ. ಹಣ ಹಳ್ಳಿಗೆ ಬರುವುದು ಒಳ್ಳೆಯದೇ. ಆದರೆ ಬನ್ನಿಯ ಪಾಠ ಇಲ್ಲೂ ಅನ್ವಯಿಸುತ್ತದೆ. ಇಂಗಾಲಕ್ಕೆ ಬೆಲೆ ಬಂದು ಟನ್ ಲೆಕ್ಕದಲ್ಲಿ ಸೌದೆ ಬೇಕಾದಾಗ, ಜಾಲಿ ಮುಗಿಯುವುದು ಬಯೋಚಾರ್ ಕಾರ್ಖಾನೆಗೆ ಬೇಡವಾಗುತ್ತದೆ. ಹೊಲದ ಕಸಕ್ಕೆ ಬೆಲೆ ಬಂದಾಗ ದನದ ಮೇವಿಗೂ ಕುತ್ತು ಬರಬಾರದು.

ಬಯೋಚಾರ್ ಎಲ್ಲ ಮಣ್ಣಿಗೂ ಮದ್ದು ಎಂದು ಮಾರುವವರ ಮಾತು ನಂಬಬೇಕಿಲ್ಲ. ಜಗತ್ತಿನ ನಾನಾ ಕಡೆಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2017ರ ವಿಶ್ಲೇಷಣೆಯ ಪ್ರಕಾರ ಉಷ್ಣವಲಯದಲ್ಲಿ ಇಳುವರಿ ಸರಾಸರಿ ಶೇಕಡಾ 25 ಹೆಚ್ಚಿತು, ಸಮಶೀತೋಷ್ಣ ವಲಯದಲ್ಲಿ ಏನೂ ಹೆಚ್ಚಲಿಲ್ಲ. ಬಯೋಚಾರ್ ಸಾಮಾನ್ಯವಾಗಿ ಕ್ಷಾರ ಗುಣದ್ದು. ಹುಳಿ ಮಣ್ಣಿಗೆ ಅದು ಸುಣ್ಣ ಹಾಕಿದಂತೆ ಕೆಲಸ ಮಾಡುತ್ತದೆ. ಕರಾವಳಿ, ಮಲೆನಾಡಿನ ಜಂಬಿಟ್ಟಿಗೆ ಮಣ್ಣಿಗೆ, ಮಳೆಯಲ್ಲಿ ಸತ್ವ ಕಳೆದುಕೊಂಡ ಅಡಕೆ, ಕಾಫಿ ತೋಟಗಳಿಗೆ ಇದು ಹೊಂದುತ್ತದೆ. ಅಲ್ಲಿ ಅಡಕೆ ಸಿಪ್ಪೆ, ಕಾಫಿ ಗಿಡ ಸವರಿದ ಕಡ್ಡಿ, ತೆಂಗಿನ ಚಿಪ್ಪು ಸಾಕಷ್ಟು ಸಿಗುತ್ತವೆ. ಬಳ್ಳಾರಿ, ರಾಯಚೂರಿನ ಎರೆಮಣ್ಣು ಮೊದಲೇ ಕ್ಷಾರ. ಜಾಲಿ ಹೇರಳವಾಗಿರುವುದು ಅಲ್ಲೇ ಆದರೂ ಜಾಲಿಯ ಬಯೋಚಾರನ್ನು ಅಲ್ಲಿನ ಹೊಲಕ್ಕೆ ಕಣ್ಣುಮುಚ್ಚಿ ಹಾಕುವುದು ತರವಲ್ಲ. ಅಲ್ಲಿನ ಜಾಲಿಯನ್ನು ಸುಧಾರಿತ ಕುಲುಮೆಯಲ್ಲಿ ಇದ್ದಿಲು ಮಾಡಿ ಮಾರಿ, ಬಂದ ಹಣವನ್ನು ಬೇರು ತೆಗೆಯುವುದಕ್ಕೂ ಹುಲ್ಲು ಎಬ್ಬಿಸುವುದಕ್ಕೂ ಹಾಕುವುದೇ ಜಾಣತನ.

ಕರ್ನಾಟಕದ ಎಷ್ಟೋ ಊರುಗಳಲ್ಲಿ ಕೆರೆಯಂಗಳದ ಜಾಲಿ ಹರಾಜಾಗುತ್ತದೆ. ಹರಾಜು ಹಿಡಿದವರು ನೆಲಮಟ್ಟಕ್ಕೆ ಕಡಿದು ಸೌದೆ ಸಾಗಿಸುತ್ತಾರೆ, ಪಂಚಾಯಿತಿಗೆ ಒಂದಷ್ಟು ಹಣ ಬರುತ್ತದೆ, ಎರಡು ಮಳೆಗಾಲ ಕಳೆಯುವುದರಲ್ಲಿ ಕೆರೆ ಮತ್ತೆ ಮುಳ್ಳಾಗುತ್ತದೆ. ಈ ಹರಾಜಿನ ಕರಾರಿನಲ್ಲಿ ಬೇರಿನ ಗಂಟು ತೆಗೆಯುವ ಷರತ್ತು ಇರಬೇಕು. ಅದನ್ನು ಪೂರೈಸಿದ ಮೇಲೆಯೇ ಠೇವಣಿ ವಾಪಸಾಗಬೇಕು. ಆಮೇಲೂ ಎರಡು ಮೂರು ವರ್ಷ ಸಗಣಿಯಿಂದ ಮೊಳೆತ ಸಸಿಗಳನ್ನು ಕೀಳುವ ಕೆಲಸ ಊರಿನವರಿಗೇ ಕೂಲಿಯ ಮೇಲೆ ಸಿಗಬೇಕು. ಒಲೆಗೆ ಜಾಲಿ ಸೌದೆಯನ್ನೇ ನಂಬಿದ ಮನೆಗಳಿಗಾಗಿ ಒಂದು ಪಾಲು ಜಾಗ ಬಿಟ್ಟೇ ತೆರವು ಮಾಡಬೇಕು, ಅವರನ್ನು ಕೇಳದೆ ಮಾಡಿದ ತೆರವು ಬಾಳುವುದಿಲ್ಲ. ಇದಕ್ಕೆಲ್ಲ ಹೊಸ ಕಾನೂನು ಬೇಡ, ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳುವವರು ಬೇಕು.

ಸ್ವಂತ ತೋಟದಲ್ಲಿ ಬಯೋಚಾರ್ ಪ್ರಯತ್ನಿಸಬೇಕೆನ್ನುವ ರೈತರು ಮೊದಲು ಮಣ್ಣು ಪರೀಕ್ಷೆ ಮಾಡಿಸಲಿ. ರಸಸಾರ (ಪಿಎಚ್) 6ಕ್ಕಿಂತ ಕೆಳಗಿದ್ದರೆ ಒಂದು ಗುಂಡಿ ತೋಡಿ, ಒಣಗಿದ ಕಳೆ ಕಡ್ಡಿ ಸುಟ್ಟು, ಗಂಜಲದಲ್ಲಿ ನೆನೆಸಿ, ನಾಲ್ಕೈದು ಗಿಡಗಳ ಬುಡಕ್ಕೆ ಹಾಕಿ ಒಂದು ವರ್ಷ ನೋಡಲಿ. 7.5ಕ್ಕಿಂತ ಮೇಲಿದ್ದರೆ ಆ ಕಡ್ಡಿಯನ್ನು ಸುಡದೆ ಕಾಂಪೋಸ್ಟ್ ಮಾಡುವುದೇ ಮೇಲು.